ಹೊಸಬರ ಕೈಗೆ ಯಾವ ಆಟ?

ದೆಹಲಿಯ ಕನಾಟ್ ಪ್ಲೇಸಿನಲ್ಲಿ ಒಂದು ಕಾಫಿ ಹೌಸ್ ಇತ್ತು. ಪತ್ರಕರ್ತರು, ಕಾರ್ಮಿಕ ಮುಖಂಡರು, ಕವಿಗಳು ಒಂದು ಲೋಟ ಕಾಫಿ ಮುಂದಿಟ್ಟುಕೊಂಡು ಅರ್ಧ ದಿನ ಕೂತು ಸರ್ಕಾರವನ್ನು ಬೈಯುತ್ತಿದ್ದ ಜಾಗ ಅದು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅದು ನೆಲಸಮವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ನೆಲದಡಿಯಲ್ಲಿ ಹವಾನಿಯಂತ್ರಿತ ಮಾರುಕಟ್ಟೆಯೊಂದು ಎದ್ದಿತು, ಅಲ್ಲ, ಇಳಿಯಿತು ಅನ್ನಬೇಕು. ಅದೇ ಪಾಲಿಕಾ ಬಜಾರ್. ಜೀನ್ಸ್, ಅತ್ತರು, ಕ್ಯಾಸೆಟ್ಟುಗಳ ಜೊತೆ ಮುಂದೆ ಆ ನೆಲಮಾಳಿಗೆ ಇನ್ನೊಂದು ಸರಕಿಗೆ ಹೆಸರಾಯಿತು. ಉತ್ತರ ಭಾರತದ ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಮೊದಲ ವಿಡಿಯೊ ಗೇಮ್ ಹೋದದ್ದು ಇಲ್ಲಿಂದ. ಬೆಂಗಳೂರಿನವರಿಗೆ ಹೇಳುವುದಾದರೆ ಮೆಜೆಸ್ಟಿಕ್ ಪಕ್ಕದ ನ್ಯಾಷನಲ್ ಮಾರ್ಕೆಟ್‌ನ ದೊಡ್ಡಣ್ಣ.

ಆಟ ಗೊತ್ತಿಲ್ಲದವರಿಗೆ ಮೊದಲು ಯಾವ ಆಟ ಕೊಡಬೇಕು? ಇವತ್ತು ಇದು ಸಲಹೆಗಾರರ ಪ್ರಶ್ನೆ. ಫೋನಿನ ಆಪ್ ಅಂಗಡಿ ತಾನೇ ಒಂದು ಪಟ್ಟಿ ಕೊಡುತ್ತದೆ, ಯೂಟ್ಯೂಬಿನಲ್ಲಿ ಹತ್ತಾರು ಮಂದಿ ಕೊಡುತ್ತಾರೆ. ದೆಹಲಿಯಲ್ಲಿ ನಲವತ್ತು ವರ್ಷಗಳಿಂದ ಇದಕ್ಕೆ ಉತ್ತರ ಕೊಡುತ್ತ ಬಂದವರು ಬೇರೆಯೇ ಜನ: ಪಾಲಿಕಾದ ಅಂಗಡಿಯವನು, ಗಲ್ಲಿಯ ಪಾರ್ಲರಿನವನು, ಸೈಬರ್ ಕೆಫೆಯ ಹುಡುಗ, ಪಕ್ಕದ ಮನೆಯ ಅಣ್ಣ. ಯಾರೂ ಆಟದ ವಿನ್ಯಾಸ ಓದಿದವರಲ್ಲ. ಆದರೂ ಅವರ ಆಯ್ಕೆಗಳಲ್ಲಿ ಒಂದು ತರ್ಕವಿತ್ತು, ಮತ್ತು ಆ ತರ್ಕ ಹುಟ್ಟಿದ್ದು ಒಂದು ಕೊರತೆಯಿಂದ. ಅವರು ಮಾರುತ್ತಿದ್ದ ಆಟಗಳಿಗೆ ಕೈಪಿಡಿ ಇರುತ್ತಿರಲಿಲ್ಲ.

ಮೊದಲು ಟಿವಿ ಬರಬೇಕಿತ್ತು. ದೇಶದ ಮೊದಲ ಪ್ರಾಯೋಗಿಕ ಟಿವಿ ಪ್ರಸಾರ ಶುರುವಾದದ್ದು ದೆಹಲಿಯಲ್ಲೇ, 1959ರ ಸೆಪ್ಟೆಂಬರ್ 15ರಂದು. ಆದರೆ ಮನೆಮನೆಗೆ ಟಿವಿ ನುಗ್ಗಿದ್ದು 1982ರಲ್ಲಿ. ಆ ವರ್ಷದ ಕೊನೆಗೆ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ. ಅದಕ್ಕಾಗಿ ಬಣ್ಣದ ಪ್ರಸಾರ ಬಂತು, ಕೂಟದ ಲಾಂಛನವಾದ ಅಪ್ಪು ಎಂಬ ಆನೆಮರಿ ಬಂತು, ಬಣ್ಣದ ಟಿವಿ ಪೆಟ್ಟಿಗೆಗಳೂ ಬಂದವು. ಕೂಟ ಹದಿನೈದು ದಿನದಲ್ಲಿ ಮುಗಿಯಿತು, ಪೆಟ್ಟಿಗೆಗಳು ಉಳಿದವು. ನೋಡುವುದಕ್ಕೆ ದೂರದರ್ಶನ ಬಿಟ್ಟರೆ ಗತಿಯಿಲ್ಲ. ಕೃಷಿ ದರ್ಶನ ನೋಡಿ ಬೇಸತ್ತ ಮಕ್ಕಳಿಗೆ ಅದೇ ಪರದೆಯಲ್ಲಿ ತಮ್ಮ ಬೆರಳು ಹೇಳಿದಂತೆ ಕುಣಿಯುವ ಬೊಂಬೆ ಸಿಕ್ಕರೆ ಬಿಡುತ್ತಾರೆಯೆ?

ಮರುವರ್ಷ, 1983ರ ಜುಲೈನಲ್ಲಿ, ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಸಲಿ ಯಂತ್ರ ದೆಹಲಿಯ ಮನೆಗಳಿಗೆ ಬಂದದ್ದು ಅಪರೂಪ. ತೊಂಬತ್ತರ ದಶಕದಲ್ಲಿ ಪಾಲಿಕಾದ ಗಾಜಿನ ಕಪಾಟುಗಳಲ್ಲಿ ರಾಶಿ ಬಿದ್ದದ್ದು ಅದರ ತದ್ರೂಪಿಗಳು. ಮೀಡಿಯಾ, ಲಿಟ್ಲ್ ಮಾಸ್ಟರ್ ಮುಂತಾದ ಹೆಸರು ಹೊತ್ತ ಇವನ್ನೆಲ್ಲ ಜನ ಒಟ್ಟಾಗಿ ಕರೆದದ್ದು ‘ಟಿವಿ ಗೇಮ್’ ಎಂದು. ಅಸಲಿ ಮಾಲನ್ನು ಕಾನೂನುಬದ್ಧವಾಗಿ ತಂದವರೂ ಇದ್ದರು. ಮದ್ಯಕ್ಕೆ ಹೆಸರಾದ ಶಾ ವ್ಯಾಲೇಸ್ ಕಂಪನಿ 1995ರಲ್ಲಿ ಸೆಗಾ ಮೆಗಾ ಡ್ರೈವ್ ಯಂತ್ರವನ್ನು ಭಾರತದಲ್ಲಿ ಮಾರಲು ಹೊರಟಿತು. ಶೇ 80ರಷ್ಟಿದ್ದ ಆಮದು ಸುಂಕವನ್ನು ತಪ್ಪಿಸುವುದಕ್ಕೆಂದೇ ಆದ ಒಪ್ಪಂದ ಅದು. ಹಾಗೆ ಮಾಡಿಯೂ ಬೆಲೆ 18,000 ರೂಪಾಯಿ. ಕೇಂದ್ರ ಸರ್ಕಾರದ ಗುಮಾಸ್ತನೊಬ್ಬ ಮಗನ ಆಟಕ್ಕೆ ಅಷ್ಟು ದುಡ್ಡು ಸುರಿಯುವ ಕಾಲ ಅದಾಗಿರಲಿಲ್ಲ. ಆರ್.ಕೆ.ಪುರಂ, ಸರೋಜಿನಿ ನಗರದ ಸರ್ಕಾರಿ ವಸತಿಗಳಿಗೆ ಹೋದದ್ದು ನಕಲಿಯೇ.

ಈ ನಕಲಿ ಪೆಟ್ಟಿಗೆಯೊಳಗೆ ಏನಿತ್ತು ನೋಡಬೇಕು. ಒಂದು ಯಂತ್ರ, ಎರಡು ಕಂಟ್ರೋಲರ್, ಒಂದು ಅಡಾಪ್ಟರ್, ಹಲವು ಸೆಟ್ಟುಗಳಲ್ಲಿ ಒಂದು ಪ್ಲಾಸ್ಟಿಕ್ ಕೋವಿ, ಮತ್ತು ‘9999 ಇನ್ 1’ ಎಂದೋ ಅದಕ್ಕೂ ಮೀರಿದ ಸಂಖ್ಯೆಯೋ ಬರೆದ ಹಳದಿ ಕಾರ್ಟ್ರಿಜ್. ಒಳಗಿದ್ದ ಆಟಗಳು ಹೆಚ್ಚೆಂದರೆ ಕೆಲವು ಡಜನ್. ಮಿಕ್ಕವು ಅವೇ ಆಟಗಳ ವೇಷಾಂತರ. ಸೂಚನೆಯ ಪುಸ್ತಕ ಇಲ್ಲ. ಜಪಾನಿನ, ಅಮೆರಿಕದ ಮಕ್ಕಳಿಗೆ ಪ್ರತಿ ಆಟದ ಜೊತೆ ಬಣ್ಣದ ಕಿರುಹೊತ್ತಿಗೆ ಬರುತ್ತಿತ್ತು. ಕಥೆ ಏನು, ಯಾವ ಗುಂಡಿ ಯಾವುದಕ್ಕೆ, ಎಲ್ಲ ಅದರಲ್ಲಿರುತ್ತಿತ್ತು. ದೆಹಲಿಯ ಹುಡುಗನಿಗೆ ಸಿಗುತ್ತಿದ್ದುದು ಇಂಗ್ಲಿಷ್ ಹೆಸರುಗಳ ಒಂದು ಉದ್ದ ಪಟ್ಟಿ, ಅದೂ ಪರದೆಯ ಮೇಲೆ.

ಹೀಗಾಗಿ ಇಲ್ಲಿ ಬದುಕಿ ಉಳಿದದ್ದು ತನ್ನನ್ನು ತಾನೇ ಕಲಿಸಬಲ್ಲ ಆಟ. ಹೇಳಿ ಮಾಡಿಸಿದ ಉದಾಹರಣೆ 1985ರ ಸೂಪರ್ ಮಾರಿಯೊ ಬ್ರದರ್ಸ್. ಅದರ ಮೊದಲ ಹಂತವನ್ನು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ ರೀತಿಯನ್ನು ಇಂದಿಗೂ ವಿನ್ಯಾಸದ ತರಗತಿಗಳಲ್ಲಿ ಪಾಠ ಮಾಡುತ್ತಾರೆ. ಮಾರಿಯೊ ಪರದೆಯ ಎಡಕ್ಕೆ ನಿಂತಿರುತ್ತಾನೆ, ಬಲಕ್ಕೆ ಖಾಲಿ ಜಾಗ. ಹೋಗಬೇಕಾದದ್ದು ಎತ್ತ ಎಂದು ಯಾರೂ ಹೇಳಬೇಕಿಲ್ಲ. ನಾಲ್ಕು ಹೆಜ್ಜೆಗೆ ಮುಖ ಗಂಟಿಕ್ಕಿದ ಒಂದು ಜೀವಿ ಎದುರಾಗುತ್ತದೆ. ಮುಟ್ಟಿದರೆ ಸಾವು, ಹಾರಿದರೆ ಬಚಾವು. ಸತ್ತರೂ ನಷ್ಟ ಐದು ಸೆಕೆಂಡು ಅಷ್ಟೆ, ಮತ್ತೆ ಅಲ್ಲಿಂದಲೇ ಶುರು. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿಸಿದರೆ ಅಣಬೆಯೊಂದು ಹೊರಬರುತ್ತದೆ. ಅದು ಬಲಕ್ಕೆ ಉರುಳಿ, ಕೊಳವೆಗೆ ಬಡಿದು, ಆಟಗಾರನ ಕಡೆಗೇ ವಾಪಸು ಬರುತ್ತದೆ. ಹೆದರಿ ಓಡಿದರೂ ತಪ್ಪಿಸಿಕೊಳ್ಳುವುದು ಕಷ್ಟ. ಮುಟ್ಟಿದಾಗ ಮಾರಿಯೊ ದೊಡ್ಡವನಾಗುತ್ತಾನೆ, ಒಳ್ಳೆಯ ವಸ್ತು ಯಾವುದು ಎಂದು ತಿಳಿಯುತ್ತದೆ. ಅರ್ಧ ನಿಮಿಷದಲ್ಲಿ ಇಷ್ಟು ಪಾಠ, ಒಂದಕ್ಷರ ಓದದೆ. ಕೈಪಿಡಿ ಕೊಟ್ಟ ದೇಶಗಳಲ್ಲಿ ಇದು ಜಾಣ್ಮೆಯ ವಿನ್ಯಾಸ ಅನ್ನಿಸಿಕೊಂಡಿತು. ಕೈಪಿಡಿ ಇಲ್ಲದ ದೆಹಲಿಯಲ್ಲಿ ಆಟಕ್ಕೂ ಮಗುವಿಗೂ ಇದ್ದ ಒಂದೇ ಸೇತುವೆ ಅದು.

ಮಾರಿಯೊ ಜೊತೆಗೆ ಬ್ಯಾಟಲ್ ಸಿಟಿಯ ಟ್ಯಾಂಕುಗಳು, ಡಕ್ ಹಂಟ್‌ನ ಬಾತುಕೋಳಿಗಳು, ರೋಡ್ ಫೈಟರ್‌ನ ಕಾರು, ಸರ್ಕಸ್ ಚಾರ್ಲಿಯ ಸಿಂಹ. ಇವೆಲ್ಲದರ ಗುಣ ಒಂದೇ: ನೋಡಿದ ತಕ್ಷಣ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಕೋವಿ ಹಿಡಿದವನಿಗೆ ಬಾತುಕೋಳಿ ಕಂಡರೆ ವಿವರಣೆ ಬೇಕೆ? ಇನ್ನೊಂದು ಗುಣ ದೆಹಲಿಯ ಬೇಸಿಗೆಗೆ ಬೇಕಾದದ್ದು. ಆಗಿನ ದೆಹಲಿಯಲ್ಲಿ ಕರೆಂಟು ಹೋಗುವುದು ದಿನಚರಿಯ ಭಾಗ. ಈ ಕಾರ್ಟ್ರಿಜ್‌ಗಳಲ್ಲಿ ಆಟವನ್ನು ಅರ್ಧಕ್ಕೆ ಉಳಿಸಿಡುವ ವ್ಯವಸ್ಥೆ ಇರಲಿಲ್ಲ. ಗಂಟೆಗಟ್ಟಲೆ ಕಥೆ ಬೆಳೆಸುವ ಆಟ ಆಡಿದವನು ಫ್ಯಾನ್ ನಿಂತ ಕ್ಷಣದಲ್ಲಿ ಎಲ್ಲ ಕಳೆದುಕೊಳ್ಳುತ್ತಾನೆ. ಹತ್ತು ನಿಮಿಷದ ಟ್ಯಾಂಕ್ ಯುದ್ಧ ಆಡಿದವನಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಜಪಾನಿನಲ್ಲಿ ಲಕ್ಷಗಟ್ಟಲೆ ಜನರನ್ನು ಹಿಡಿದಿಟ್ಟ ದೀರ್ಘ ಕಥೆಯ ಆಟಗಳು ಇಲ್ಲಿ ಬೇರು ಬಿಡದಿರುವುದಕ್ಕೆ ಭಾಷೆ ಮಾತ್ರ ಕಾರಣವಲ್ಲ, ವಿದ್ಯುತ್ ಮಂಡಳಿಯ ಪಾಲೂ ಇದೆ.

ಕಾಂಟ್ರಾ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಕೊನಾಮಿ ಕಂಪನಿಯ ಆ ಗುಂಡಿನ ಮಳೆಯ ಆಟ ನಿರ್ದಯವಾದದ್ದು. ಒಂದು ಗುಂಡು ತಾಗಿದರೆ ಮುಗಿಯಿತು, ಇರುವುದು ಮೂರೇ ಲೈಫು. ಹೊಸಬನೊಬ್ಬ ಎರಡನೇ ಹಂತ ನೋಡುವುದೂ ಕಷ್ಟ. ಆದರೂ ದೆಹಲಿಯ ಮಕ್ಕಳೆಲ್ಲ ಅದನ್ನು ಆಡಿದರು. ಹೇಗೆ? ಮೊದಲನೆಯದಾಗಿ, ಇಬ್ಬರು ಒಟ್ಟಿಗೆ ಆಡಬಹುದಿತ್ತು. ಪಳಗಿದ ಅಣ್ಣ ಮುಂದೆ ಗುಂಡು ಹಾರಿಸುತ್ತ ಹೋದರೆ ತಮ್ಮ ಹಿಂದೆ ಹಾರುತ್ತ ಬರುತ್ತಿದ್ದ. ಎರಡನೆಯದು ಒಂದು ಗುಟ್ಟು. ಶುರುವಿನಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಮೂರರ ಬದಲು ಮೂವತ್ತು ಲೈಫು. ಇದು ಬಾಯಿಂದ ಬಾಯಿಗೆ ಹರಡಿದ ವಿದ್ಯೆ. ಗುಟ್ಟು ಗೊತ್ತಿಲ್ಲದವರಿಗಾಗಿ ಕೆಲವು ನಕಲಿ ಕಾರ್ಟ್ರಿಜ್‌ಗಳ ಪಟ್ಟಿಯಲ್ಲೇ ಮೂವತ್ತು ಲೈಫಿನ ಕಾಂಟ್ರಾ ಬೇರೆಯಾಗಿ ಇರುತ್ತಿತ್ತು. 2018ರಲ್ಲಿ ಸೆಲೆಸ್ಟ್ ಎಂಬ ಕಷ್ಟದ ಆಟ ‘ಅಸಿಸ್ಟ್ ಮೋಡ್’ ಕೊಟ್ಟಾಗ ವಿಮರ್ಶಕರು ಭಲೇ ಅಂದರು. ಬೇಕಾದವರು ವೇಗ ತಗ್ಗಿಸಿಕೊಳ್ಳಬಹುದು, ಸಾಯದಂತೆಯೂ ಮಾಡಿಕೊಳ್ಳಬಹುದು. ಆ ಉಪಕಾರವನ್ನು ನಕಲು ಮಾಡುವವರು ಯಾವ ಹೊಗಳಿಕೆಯೂ ಇಲ್ಲದೆ ಎಷ್ಟೋ ವರ್ಷ ಮೊದಲೇ ಮಾಡಿದ್ದರು.

ಮನೆಗೆ ಯಂತ್ರ ತರಲಾಗದವರಿಗೆ ಗಲ್ಲಿಯ ಪಾರ್ಲರ್ ಇತ್ತು. ನಾಣ್ಯವೋ ಟೋಕನ್ನೋ ಹಾಕಿ ಆಡುವ ನಿಲುವುಪೆಟ್ಟಿಗೆ, ಸುತ್ತ ಆರೇಳು ಜನ. ಕ್ಯಾಪ್‌ಕಾಮ್‌ನ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ (1993) ದೇಶದಾದ್ಯಂತ ‘ಮುಸ್ತಫಾ’ ಎಂದೇ ಪ್ರಸಿದ್ಧ. ಹಳದಿ ಟೋಪಿಯ ಪಾತ್ರ ಮುಸ್ತಫಾ ಕೈರೊ ದೆಸೆಯಿಂದ ಬಂದ ಹೆಸರು. ದೆಹಲಿಯ ಹುಡುಗನೂ ಹುಬ್ಬಳ್ಳಿಯ ಹುಡುಗನೂ ಅದನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರು. ಮೂವರು ಜೊತೆಯಾಗಿ ಆಡುವ ಸೌಲಭ್ಯ, ಒದೆಯಲು ಒಂದು ಗುಂಡಿ, ಹಾರಲು ಒಂದು. ಹೊಸಬ ಮೊದಲು ಹಿಂದೆ ನಿಂತು ನೋಡುತ್ತಾನೆ. ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ. ಎರಡು ದಿನ ನೋಡಿದವನು ಮೂರನೇ ದಿನ ನಾಣ್ಯ ಹಾಕುವಾಗ ಪೂರ್ತಿ ಹೊಸಬನಾಗಿರುವುದಿಲ್ಲ. ಹೊಸಬರಿಗೆ ಯಾವ ಆಟ ಎಂದು ಕೇಳುವವರು ಆಟದ ಒಳಗಷ್ಟೇ ಉತ್ತರ ಹುಡುಕುತ್ತಾರೆ. ಪಾರ್ಲರಿನಲ್ಲಿ ಉತ್ತರ ಬೆನ್ನ ಹಿಂದೆ ನಿಂತವರಲ್ಲಿತ್ತು.

ಇದರ ಕೊರತೆಯನ್ನೂ ಹೇಳಬೇಕು. ಪಾರ್ಲರಿನಲ್ಲಿ, ಮುಂದೆ ಬಂದ ಸೈಬರ್ ಕೆಫೆಯ ಗೇಮಿಂಗ್ ಮೂಲೆಯಲ್ಲಿ, ಹೀಗೆ ನಿಂತು ಕಲಿತವರೆಲ್ಲ ಬಹುತೇಕ ಹುಡುಗರೇ. ದೆಹಲಿಯಂಥ ಊರಿನಲ್ಲಿ ಬೀಡಿ ಹೊಗೆಯ ಗಲ್ಲಿ ಅಂಗಡಿಗೆ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಿದ್ದರು? ಕಲಿಸುವ ವ್ಯವಸ್ಥೆ ಚೆನ್ನಾಗಿತ್ತು, ಬಾಗಿಲು ಅರ್ಧ ಮಾತ್ರ ತೆರೆದಿತ್ತು.

1995 ಎರಡು ತಂತಿಗಳನ್ನು ದೆಹಲಿಗೆ ತಂದಿತು, ಅದರಲ್ಲೊಂದು ತಂತಿಯಿಲ್ಲದ್ದು. ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕೋಲ್ಕತ್ತದಿಂದ ಹೊರಟು ದೆಹಲಿಯ ಸಂಚಾರ ಭವನ ತಲುಪಿತು. ಅತ್ತ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ಇತ್ತ ಕೇಂದ್ರ ಸಂಪರ್ಕ ಸಚಿವ ಸುಖರಾಂ. ಹದಿನೈದು ದಿನದಲ್ಲಿ ಸರ್ಕಾರಿ ಕಂಪನಿ ವಿಎಸ್ಎನ್ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಇಂಟರ್ನೆಟ್ಟಿನಿಂದ ಸೈಬರ್ ಕೆಫೆ ಬಂತು, ಕೆಫೆಯ ಕಂಪ್ಯೂಟರುಗಳನ್ನು ಪರಸ್ಪರ ಜೋಡಿಸಿದ್ದರಿಂದ ಕೌಂಟರ್ ಸ್ಟ್ರೈಕ್ ಬಂತು. ಹೊಸಬರ ಪಾಲಿಗೆ ಇದಕ್ಕಿಂತ ಕೆಟ್ಟ ಆಟ ಹುಡುಕುವುದು ಕಷ್ಟ. ಡಸ್ಟ್ ಟು ಎಂಬ ಮರಳುಗಾಡಿನ ನಕಾಶೆಯಲ್ಲಿ ಮೂಲೆ ತಿರುಗುವಷ್ಟರಲ್ಲಿ ಎಲ್ಲಿಂದಲೋ ಗುಂಡು ಬಿದ್ದು ಕಥೆ ಮುಗಿಯುತ್ತದೆ. ಸುತ್ತು ಮುಗಿಯುವವರೆಗೆ ಸತ್ತವನು ಸುಮ್ಮನೆ ನೋಡುತ್ತ ಕೂರಬೇಕು. ಗಂಟೆಗಿಷ್ಟು ಎಂದು ಕೊಟ್ಟ ದುಡ್ಡು ಹೆಣವಾಗಿ ಕೂತೇ ಖರ್ಚಾಗುತ್ತದೆ.

ಅದೇ ಕೆಫೆಯ ಪಕ್ಕದ ಕಂಪ್ಯೂಟರಿನಲ್ಲಿ ಇನ್ನೊಬ್ಬ ಹೊಸಬ ಖುಷಿಯಾಗಿರುತ್ತಿದ್ದ. ಅವನು ಆಡುತ್ತಿದ್ದುದು 2003ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ ವೈಸ್ ಸಿಟಿ. ದರೋಡೆ, ರಕ್ತ, ಬೈಗುಳಗಳ ಆ ಆಟ ಮಕ್ಕಳಿಗಲ್ಲವೇ ಅಲ್ಲ. ಅದರ ಪೆಟ್ಟಿಗೆಯ ಮೇಲೆ ಹಾಗೆಂದು ಬರೆದೂ ಇತ್ತು, ಆದರೆ ಪೆಟ್ಟಿಗೆಯನ್ನು ಕಂಡವರಾರು? ದೆಹಲಿಯ ಕಂಪ್ಯೂಟರ್ ಪೇಟೆ ನೆಹರೂ ಪ್ಲೇಸಿನ ಪಾದಚಾರಿ ಹಾದಿಯಲ್ಲಿ ಮಾರುತ್ತಿದ್ದುದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿದ ಬರಿಯ ಸಿಡಿ. ಹೊಸಬರು ಅದರ ಕಥೆಗೆ ಕೈ ಹಾಕಲೇ ಇಲ್ಲ. ಕಾರು ಹತ್ತಿ ಸಮುದ್ರದ ದಂಡೆಯಲ್ಲಿ ಸುತ್ತಿದರು, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡ ಚೀಟ್ ಕೋಡುಗಳನ್ನು ಒತ್ತಿದರು. ‘ಪ್ಯಾಂಜರ್’ ಎಂದು ಟೈಪಿಸಿದರೆ ಆಕಾಶದಿಂದ ಟ್ಯಾಂಕು, ‘ಲೀವ್ ಮಿ ಅಲೋನ್’ ಎಂದರೆ ಪೊಲೀಸರು ಮಾಯ. ಗೆಲ್ಲಬೇಕೆಂಬ ಒತ್ತಾಯವಿಲ್ಲದ ಜಾಗವೊಂದು ಹೊಸಬನಿಗೆ ಎಷ್ಟು ಮುಖ್ಯ ಎನ್ನುವುದನ್ನು ಈ ಆಟ ತನಗರಿವಿಲ್ಲದೆ ತೋರಿಸಿತು.

ನೆಹರೂ ಪ್ಲೇಸ್, ಪಾಲಿಕಾ ಬಜಾರ್ ಎರಡೂ ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿ ಪ್ರಕಟಿಸುವ ‘ಕುಖ್ಯಾತ ಮಾರುಕಟ್ಟೆಗಳ’ ಪಟ್ಟಿಯಲ್ಲಿ ಬೇರೆ ಬೇರೆ ವರ್ಷ ಹೆಸರು ಕಂಡಿವೆ. ಕದ್ದ ಮಾಲು ಕದ್ದದ್ದೇ, ಅದನ್ನು ವೈಭವೀಕರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್, ಗುರುಗ್ರಾಮದಲ್ಲಿ 2004ರಲ್ಲಿ ಲಕ್ಷ್ಯ ಡಿಜಿಟಲ್ ಶುರುವಾಗಿ, ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ ಬಿಡಿಸಿಕೊಡುವ ಕೆಲಸ ಹಿಡಿದವು. ಹಾಗೆ ದುಡಿದವರ ಶ್ರಮವೂ ನೆಹರೂ ಪ್ಲೇಸಿನ ತೊಟ್ಟೆಗಳಲ್ಲಿ ಪುಕ್ಕಟೆ ಸೇರಿಕೊಂಡಿರಬಹುದು.

ಆ ಸಿಡಿಗಳ ರಾಶಿಯಲ್ಲಿ ಒಂದಕ್ಕೆ ಬೇರೆಯೇ ಮರ್ಯಾದೆ. ಇಎ ಸ್ಪೋರ್ಟ್ಸ್ ಕಂಪನಿಯ ಕ್ರಿಕೆಟ್ 07 ಬಂದದ್ದು 2006ರ ನವೆಂಬರಿನಲ್ಲಿ, ಆ ಸರಣಿಯ ಕಟ್ಟಕಡೆಯ ಆಟ. ಮಾಡಿದ್ದು ಕೆನಡಾದ ಎಚ್‌ಬಿ ಸ್ಟುಡಿಯೋಸ್. ಕ್ರಿಕೆಟ್ಟಿನ ಗಂಧ ಕಡಿಮೆಯಿರುವ ದೇಶದಲ್ಲಿ ತಯಾರಾದ ಈ ಆಟವನ್ನು ಭಾರತೀಯರು ಕಂಪನಿಯೇ ಕೈಬಿಟ್ಟ ಮೇಲೂ ವರ್ಷಾನುಗಟ್ಟಲೆ ಬಿಡಲಿಲ್ಲ. ಅಭಿಮಾನಿಗಳೇ ಹೊಸ ಆಟಗಾರರ ಮುಖ, ಐಪಿಎಲ್ ಜೆರ್ಸಿಗಳನ್ನು ತುರುಕುತ್ತ ಬಂದರು. ಕೀಬೋರ್ಡ್ ಮುಟ್ಟದ ಚಿಕ್ಕಪ್ಪನನ್ನು ಕೂರಿಸಿದರೂ ಅವನಿಗೆ ಶಾರ್ಟ್ ಪಿಚ್ ಚೆಂಡನ್ನು ಎಲ್ಲಿಗೆ ಎಳೆಯಬೇಕೆಂದು ಗೊತ್ತು. ಗುಂಡಿ ಯಾವುದು ಎಂಬುದಷ್ಟೇ ಬಾಕಿ. ಅರ್ಧ ಪಾಠ ಮನೆಯಿಂದಲೇ ಆಗಿರುತ್ತದೆ.

ಈ ಸೂತ್ರವನ್ನು ದೊಡ್ಡ ಕಂಪನಿಗಳೂ ಗಮನಿಸಿದವು. ಸೋನಿಯ ಪ್ಲೇಸ್ಟೇಷನ್ 2ಕ್ಕಾಗಿ 2009ರಲ್ಲಿ ಹೈದರಾಬಾದಿನಲ್ಲಿ ತಯಾರಾದ ಎರಡು ಆಟಗಳು ಬಂದವು. ಒಂದು ‘ಹನುಮಾನ್: ಬಾಯ್ ವಾರಿಯರ್’, ಇನ್ನೊಂದು ಕಬಡ್ಡಿ, ಗಿಲ್ಲಿ ದಾಂಡು, ಗಾಳಿಪಟಗಳ ‘ದೇಸಿ ಅಡ್ಡಾ’. ಉದ್ದೇಶ ಸರಿಯಿತ್ತು. ಆದರೆ ಕಬಡ್ಡಿಯ ರುಚಿ ಇರುವುದು ಉಸಿರಿನಲ್ಲಿ, ತೊಡೆ ತಟ್ಟುವುದರಲ್ಲಿ. ಬೀದಿಯಲ್ಲಿ ಪುಕ್ಕಟೆಯಾಗಿ ಸಿಗುವ ಅದನ್ನು ಸೋಫಾದ ಮೇಲೆ ಗುಂಡಿ ಒತ್ತಿ ಆಡಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಪರಿಚಿತ ನಿಯಮವೊಂದಿದ್ದರೆ ಸಾಲದು, ಪರದೆಗೆ ಬಂದಾಗ ಆಟದ ತಿರುಳು ಉಳಿಯಬೇಕು.

ತಿರುಳು ಕೆಡದೆ ಪರದೆಗೆ ಬರಬಲ್ಲದ್ದು ಹಾಸಿನ ಆಟ. ಪಗಡೆ, ಪಚ್ಚೀಸಿ, ನಮ್ಮ ಚೌಕಾಬಾರಗಳಿಗೆ ಮೈಬಲ ಬೇಡ, ಕಣ್ಣು ಮತ್ತು ಅದೃಷ್ಟ ಸಾಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ಸ್ವತಃ ರಚಿಸಿದರು. ಅವುಗಳ ವಿವರ ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನದ ಮೂಲಕ ಈಗಲೂ ಹಾಸುಗಳನ್ನು ಜನರ ಮುಂದೆ ಇಡುತ್ತಿದೆ. ಪಚ್ಚೀಸಿಯನ್ನು ಸರಳಗೊಳಿಸಿ ಇಂಗ್ಲೆಂಡಿನವರು 1896ರಲ್ಲಿ ಲೂಡೋ ಎಂದು ಪೇಟೆಂಟ್ ಮಾಡಿಸಿಕೊಂಡರು. 2016ರಲ್ಲಿ ಮುಂಬಯಿಯ ಬಳಿಯ ಗೇಮಿಷನ್ ಸಂಸ್ಥೆ ಅದನ್ನು ಲೂಡೋ ಕಿಂಗ್ ಆಗಿ ಫೋನಿಗೆ ತಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ನೊಯಿಡಾದ ಫ್ಲ್ಯಾಟಿನಲ್ಲಿ ಸಿಕ್ಕಿಕೊಂಡ ಮಗಳು, ಧಾರವಾಡದಲ್ಲಿ ಉಳಿದ ಅಜ್ಜಿ ಒಂದೇ ಹಾಸಿನ ಎರಡು ಬದಿಗೆ ಕೂರುವಂತಾಯಿತು. ಜೀವಮಾನದಲ್ಲಿ ವಿಡಿಯೊ ಗೇಮ್ ಮುಟ್ಟದವರು ಆಗ ಮುಟ್ಟಿದರು. ಪಾರ್ಲರಿನ ಅರ್ಧ ಬಾಗಿಲು ಪೂರ್ತಿ ತೆರೆದದ್ದೂ ಫೋನಿನಿಂದಲೇ. ದೆಹಲಿ ಮೆಟ್ರೊದಲ್ಲಿ ನಿಂತು ಕ್ಯಾಂಡಿ ಕ್ರಶ್ ಆಡುವ ಮಹಿಳೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆದರೆ ಫೋನಿನ ಸ್ನೇಹಪರತೆಯ ಹಿಂದೆ ಇನ್ನೊಂದು ಲೆಕ್ಕಾಚಾರವಿದೆ. 2018ರಲ್ಲಿ ಬಂದ ಪಬ್‌ಜಿ ಮೊಬೈಲ್ ಹೊಸಬರನ್ನು ಕೌಂಟರ್ ಸ್ಟ್ರೈಕಿನಂತೆ ಅಟ್ಟಲಿಲ್ಲ. ಮೊದಮೊದಲ ಪಂದ್ಯಗಳಲ್ಲಿ ಎದುರಾಳಿಗಳಾಗಿ ಮನುಷ್ಯರ ಬದಲು ಪೆದ್ದು ಬಾಟ್‌ಗಳನ್ನು ತುಂಬಿ ಗೆಲುವಿನ ರುಚಿ ಹತ್ತಿಸಿತು. ಮಾರಿಯೊನ ಮೊದಲ ಹಂತವೂ ಸುಲಭವೇ, ಅದು ಕಲಿಸಲು ಸುಲಭವಾದದ್ದು. ಇದು ಹಿಡಿದಿಡಲು ಸುಲಭವಾದದ್ದು. 2019ರ ಜನವರಿ 29ರಂದು ದೆಹಲಿಯ ತಾಲ್ಕಟೋರಾ ಕ್ರೀಡಾಂಗಣದಲ್ಲಿ ತಾಯಿಯೊಬ್ಬರು ಮಗ ಆನ್‌ಲೈನ್ ಆಟಕ್ಕೆ ಅಂಟಿಕೊಂಡಿದ್ದಾನೆ ಎಂದು ದೂರಿದಾಗ, ಪ್ರಧಾನಿ ನಗುತ್ತ ಪಬ್‌ಜಿಯ ಹುಡುಗನೇ ಎಂದು ವಿಚಾರಿಸಿದ್ದರು. ಮರುವರ್ಷ ಸೆಪ್ಟೆಂಬರ್ 2ರಂದು ಆ ಆಟ ಇತರ ಚೀನಾ ಸಂಬಂಧಿ ಆಪ್‌ಗಳ ಜೊತೆ ನಿಷೇಧವಾಯಿತು, 2021ರಲ್ಲಿ ಹೆಸರು ಬದಲಿಸಿಕೊಂಡು ಮರಳಿತು. 2024ರ ಏಪ್ರಿಲ್‌ನಲ್ಲಿ ಅದೇ ಪ್ರಧಾನಿ ಯುವ ಗೇಮರ್‌ಗಳನ್ನು ಮನೆಗೆ ಕರೆಸಿ, ಕಣ್ಣಿಗೆ ವಿಆರ್ ಸಾಧನ ಕಟ್ಟಿಕೊಂಡು ತಾವೂ ಆಡಿ ನೋಡಿದರು.

ಲೂಡೋಗೂ ದುಡ್ಡಿನ ಬೆಸುಗೆ ಬಿತ್ತು. 2018ರಲ್ಲಿ ಗುರುಗ್ರಾಮದಲ್ಲಿ ಹುಟ್ಟಿದ ಝುಪೀ ಮುಂತಾದ ಕಂಪನಿಗಳು ಅದೇ ಪರಿಚಿತ ಹಾಸಿನ ಮೇಲೆ ಪಣ ಕಟ್ಟಿ ಆಡಿಸಿದವು. ಕರ್ನಾಟಕ 2021ರಲ್ಲಿ ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೊನೆಗೆ 2025ರ ಆಗಸ್ಟ್ 20 ಮತ್ತು 21ರಂದು ಸಂಸತ್ತಿನ ಎರಡೂ ಸದನಗಳು ಪಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟವು, 22ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಝುಪೀ ಪಣದ ಆಟ ನಿಲ್ಲಿಸಿ ಲೂಡೋದಂಥ ಉಚಿತ ಆಟಗಳನ್ನು ಉಳಿಸಿಕೊಂಡಿತು. ಹೊಸಬರ ದೃಷ್ಟಿಯಿಂದ ಇದು ಒಳ್ಳೆಯದೇ. ನಿಯಮ ಗೊತ್ತಿದೆ ಎಂಬ ಧೈರ್ಯವೇ ಅವರನ್ನು ಬೀಳಿಸುವ ಬಲೆಯಾಗಿತ್ತು.

ಈಗ ಯಾರಾದರೂ ತಮ್ಮ ತಾಯಿಗೋ ಮಗಳಿಗೋ ಮೊದಲ ಆಟ ಆರಿಸಬೇಕೆಂದರೆ ದೆಹಲಿಯ ಈ ಅನುಭವ ಕೊಡುವ ಸಲಹೆ ಬಹಳ ಸಾದಾ. ಒಂದು ಸುತ್ತು ಹತ್ತು ನಿಮಿಷ ಮೀರದಿರಲಿ, ಸೋತರೆ ತಕ್ಷಣ ಮತ್ತೆ ಶುರುವಾಗಲಿ, ನಿಯಮ ಅರ್ಧವಾದರೂ ಮೊದಲೇ ಗೊತ್ತಿರಲಿ, ದುಡ್ಡು ಕೇಳದಿರಲಿ, ಮತ್ತು ಪಕ್ಕದಲ್ಲಿ ಇನ್ನೊಬ್ಬರು ಕೂತು ಆಡುವಂತಿರಲಿ. 2017ರ ಮಾರಿಯೊ ಕಾರ್ಟ್ 8 ಡಿಲಕ್ಸ್ ಇಂಥದ್ದು. ಗಾಡಿ ರಸ್ತೆ ಬಿಟ್ಟು ಹೋಗದಂತೆ ತಡೆಯುವ ಅನುಕೂಲವೂ ಅದರಲ್ಲಿದೆ. ಈ ಸಲಹೆಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವುದು ಕೊನೆಯದು, ಪಕ್ಕದಲ್ಲಿ ಕೂತು ಆಡುವುದು. ತೊಂಬತ್ತರ ದಶಕದ ನಕಲಿ ಪೆಟ್ಟಿಗೆಯಲ್ಲಿ ಎರಡು ಕಂಟ್ರೋಲರ್ ಇರುತ್ತಿದ್ದವು. ಪ್ಲೇಸ್ಟೇಷನ್ 5ರ ಪೆಟ್ಟಿಗೆಯಲ್ಲಿರುವುದು ಒಂದೇ. ಎರಡನೆಯದನ್ನು ಬೇರೆಯಾಗಿ ಕೊಳ್ಳಬೇಕು. ಹೊಸಬರಿಗಾಗಿ ಖರೀದಿಸುವವರು ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.